ಶಂಕುವಿನ ಪಾಠದ ಕ್ಯಾಸೆಟ್

ನಮ್ಮ ಹೈಸ್ಕೂಲಿಗೆ ಮೊನ್ನೆ ಎರಡು ಕಂಪ್ಯೂಟರ್ ಬಂದಿವೆ. ಬರುವ ಸೋಮವಾರ ಆ ಕೋಣೆಯ ಬಾಗಿಲು ತೆರೆಯುವ ಸಮಾರಂಭವಂತೆ. ಶಾಲೆಯಲ್ಲಿ ಯಂತ್ರ ಇಟ್ಟುಕೊಂಡು ಪಾಠ ಮಾಡಿದವರಲ್ಲಿ ನೀವೇ ಮೊದಲಿಗರು ಆವಲಪ್ಪನವರೇ, ನಾಲ್ಕು ಮಾತಾಡಿ ಎಂದು ಈಗಿನ ಹೆಡ್ಮಾಸ್ತರು ವೆಂಕಟೇಶ್ ಹೇಳಿ ಹೋಗಿದ್ದಾರೆ. ಅವರು ಹೇಳಿ ಹೋದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಜಾರದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದೇನೆ. ನೆಲ ಸವೆದು ಹೋಗುತ್ತೆ, ಕೂತ್ಕೊಳ್ಳಿ ಎಂದು ನನ್ನ ಹೆಂಡತಿ ಅಶ್ವತ್ಥಮ್ಮ ಎರಡು ಸಲ ಹೇಳಿ ಸುಮ್ಮನಾದಳು. ಅವಳಿಗೆ ಗೊತ್ತು, ನನ್ನನ್ನು ಹೀಗೆ ಓಡಾಡಿಸುತ್ತಿರುವುದು ಕಂಪ್ಯೂಟರ್ ಅಲ್ಲ, ಒಂಬತ್ತು ವರ್ಷದ ಹಿಂದಿನ ಒಂದು ಟೇಪ್ ರೆಕಾರ್ಡರ್.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಊರು ಸಾದಲಿ, ಕೆಲಸ ಶಿಡ್ಲಘಟ್ಟದಲ್ಲಿ, ಗಣಿತದ ಮೇಷ್ಟ್ರು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಈ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಹೇಳುವುದು ಸುಳ್ಳಲ್ಲ. ಆದರೆ ಯಂತ್ರ ಕಂಡರೆ ಮಾತ್ರ ನಾನೇ ಮಗುವಾಗುತ್ತಿದ್ದೆ. ಸಾದಲಿಯಲ್ಲಿ ಮೊದಲು ಡಿಜಿಟಲ್ ವಾಚು ಕಟ್ಟಿದವನು ನಾನು. ಮನೆಗೆ ಮಿಕ್ಸಿ ತಂದ ದಿನವೇ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದವನೂ ನಾನೇ. ಅಶ್ವತ್ಥಮ್ಮ ಮಾತ್ರ ಹಬ್ಬದ ದಿನ ಚಟ್ನಿ ಅರೆಯಲು ಹಿತ್ತಲಿಗೇ ಹೋಗುತ್ತಿದ್ದಳು. ಒರಳಿನಲ್ಲಾದರೆ ಅರೆಯುತ್ತಿರುವಾಗಲೇ ಹದ ಕೈಗೆ ಗೊತ್ತಾಗುತ್ತದೆ, ಮಿಕ್ಸಿಯಲ್ಲಿ ಮುಚ್ಚಳ ತೆಗೆದ ಮೇಲೇ ಗೊತ್ತಾಗುವುದು ಎನ್ನುತ್ತಿದ್ದಳು. ಹಳೇ ಕಾಲದ ಮಾತು ಎಂದು ನಾನು ನಗುತ್ತಿದ್ದೆ.

ತೊಂಬತ್ತನೇ ಇಸವಿಯಲ್ಲಿ ನಮ್ಮ ಶಾಲೆಗೆ ಸರ್ಕಾರದಿಂದ ಒಂದು ಟೇಪ್ ರೆಕಾರ್ಡರ್ ಬಂತು. ಆಗಿನ ಹೆಡ್ಮಾಸ್ತರು ಗಂಗುಲಪ್ಪನವರು ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಬೀರುವಿನಲ್ಲಿ ಕೂರಿಸಿ ಬೀಗ ಹಾಕಿದರು. ಕೆಟ್ಟರೆ ಯಾರು ಜವಾಬ್ದಾರಿ ಎಂಬುದು ಅವರ ಚಿಂತೆ. ತನಿಖೆಗೆ ಸಾಹೇಬರು ಬಂದಾಗ ತೆಗೆದು ತೋರಿಸುವುದು, ಒರೆಸಿ ಒಳಗಿಡುವುದು, ಅಷ್ಟೇ ಅದರ ಬದುಕಾಗಿತ್ತು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕಲಿಸುವುದಕ್ಕೆ ಬಂದ ಸಾಮಾನನ್ನು ಪೂಜೆಗೆ ಇಟ್ಟರೆ ಅದು ಯಾರಿಗೆ ಏನು ಕಲಿಸೀತು? ನಾಲ್ಕು ತಿಂಗಳು ಬೆನ್ನು ಬಿದ್ದು, ಕೆಟ್ಟರೆ ನನ್ನದೇ ಜವಾಬ್ದಾರಿ ಎಂದು ಬರೆದುಕೊಟ್ಟ ಮೇಲೆ ಬೀಗದ ಕೈ ಸಿಕ್ಕಿತು. ಯಂತ್ರ ಶಾಲೆಯ ಕಾಂಪೌಂಡು ದಾಟಬಾರದು ಎಂಬ ಷರತ್ತೂ ಜೊತೆಗೆ ಬಂತು.

ಅದೇ ವಾರ ಕರೀಮುನ್ನೀಸಾ ಎಂಬ ಹೆಂಗಸು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು. ಅವರೂ ಅವರ ಮಗಳು ದಿಲ್ಷಾದ್ ಬೇಗಂ ಕೂಡ ಅಮಾನುಲ್ಲಾ ಎಂಬುವರ ಫಿಲೇಚರ್‌ನಲ್ಲಿ, ಎಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಕೆಲಸ ಮಾಡುತ್ತಿದ್ದರು. ಹುಡುಗಿ ಬೇರೊಂದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ, ಉಳಿದ ಎಲ್ಲದರಲ್ಲೂ ಪಾಸಾಗಿ, ಗಣಿತ ಒಂದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಚಿಂತಾಮಣಿಯಲ್ಲಿ ನರ್ಸಿಂಗ್ ಹೋಂ ಇಟ್ಟಿದ್ದ ಒಬ್ಬ ಡಾಕ್ಟರಮ್ಮ, ಬರುವ ಏಪ್ರಿಲ್ ಪರೀಕ್ಷೆಯಲ್ಲಿ ಪಾಸಾಗಿ ಬಂದರೆ ನರ್ಸ್ ಕೆಲಸ ಕಲಿಸಿ ಇಟ್ಟುಕೊಳ್ಳುತ್ತೇನೆ, ಜೂನ್‌ವರೆಗೆ ಕಾಯುತ್ತೇನೆ ಎಂದಿದ್ದರಂತೆ. ಇಷ್ಟನ್ನೂ ಹೇಳಿ ಕರೀಮುನ್ನೀಸಾ ತಮ್ಮ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಚಾಚಿದರು. ಬೆರಳ ತುದಿಗಳು ನೆನೆದು ಬೆಳ್ಳಗಾಗಿ, ಸಂದುಗಳು ಒಡೆದು ಹುಣ್ಣಾಗಿದ್ದವು. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಕೈಗಳು.

"ನನ್ನ ಕೈ ಹೋಯ್ತು ಮೇಷ್ಟ್ರೆ. ಅವಳ ಕೈ ಇನ್ನೂ ಚೆನ್ನಾಗೈತೆ. ಹಾಳಾಗೋದ್ರೊಳಗೆ ಅವಳನ್ನ ಆ ನೀರಿಂದ ತೆಗೀಬೇಕು."

ಕಲಿಸುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಯಾವಾಗ? ಅವಳ ಕೆಲಸ ಬೆಳಿಗ್ಗೆ ಹೊತ್ತು ಹುಟ್ಟುವಾಗ ಶುರುವಾದರೆ ಸಂಜೆ ಆರಕ್ಕೆ ಮುಗಿಯುತ್ತಿತ್ತು. ಗೂಡು ಕೊಂಡು ತಂದ ಮೇಲೆ ಚಿಟ್ಟೆ ಕೊರೆದು ಹೊರಬರುವ ಮುಂಚೆ ನೂಲು ತೆಗೆಯಲೇಬೇಕು, ಹಾಗಾಗಿ ಅಲ್ಲಿ ರಜೆ ಅನ್ನುವುದೇ ಅಪರೂಪ. ನನಗೋ ಸಾದಲಿಯ ಕೊನೆಯ ಬಸ್ಸು ಐದೂಮುಕ್ಕಾಲಿಗೆ. ಇಬ್ಬರ ಹೊತ್ತೂ ಒಂದಕ್ಕೊಂದು ಸೇರುವ ಹಾಗೇ ಇರಲಿಲ್ಲ. ಅಷ್ಟರಲ್ಲಿ ನನಗೆ ಟೇಪ್ ರೆಕಾರ್ಡರ್ ನೆನಪಾಯಿತು. ಅಮಾನುಲ್ಲಾ ಅವರ ಕಾರ್ಖಾನೆಯಲ್ಲಿ ದಿನವಿಡೀ ಸಿನಿಮಾ ಹಾಡು ಹಾಡುವ ಒಂದು ಟೇಪು ಇತ್ತು. ನಾನು ಇಲ್ಲಿ ಹತ್ತನೇ ತರಗತಿಗೆ ಮಾಡುವ ಪಾಠವನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಕಳಿಸಿದರೆ ಅವಳು ಅಲ್ಲಿ ನೂಲು ತೆಗೆಯುತ್ತಲೇ ಕೇಳಬಹುದು. ಆ ಕ್ಷಣ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಈ ಊರಲ್ಲಿ ಹೀಗೆ ಯೋಚಿಸಿದವನು ನಾನೊಬ್ಬನೇ ಎಂದು ಬೀಗಿದೆ.

ನನ್ನ ಪಾಠದಲ್ಲಿ ಒಂದು ಪದ್ಧತಿ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಪ್ರತಿ ಪಾಠದಲ್ಲೂ ಒಂದು ಸಲ ನಾನು ಬೇಕೆಂದೇ ತಪ್ಪು ಹೇಳುತ್ತೇನೆ. ಹೇಳಿದ್ದನ್ನೇ ಬೋರ್ಡಿನ ಮೇಲೂ ಬರೆಯುತ್ತೇನೆ, ಅದೂ ಗಟ್ಟಿ ದನಿಯಲ್ಲಿ, ಮುಖದಲ್ಲಿ ಒಂದಿಷ್ಟೂ ಅನುಮಾನ ಕಾಣದ ಹಾಗೆ. ಮಕ್ಕಳು ಅದನ್ನು ಹಿಡಿಯಬೇಕು. ಮೇಷ್ಟ್ರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಕ್ಕಳನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೆಲ್ಲ ತಪ್ಪು ಸಾರ್ ಎಂದು ಇಡೀ ಕ್ಲಾಸು ಕಿರುಚಿ, ಪಕ್ಕದ ಕೋಣೆಯವರು ಜಗಳಕ್ಕೆ ಬರುತ್ತಿದ್ದರು. ಅದಕ್ಕೇ ಒಂದು ನಿಯಮ ಮಾಡಿದ್ದೆ. ತಪ್ಪು ಹಿಡಿದವರು ಬಾಯಿ ಬಿಡದೆ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ತಪ್ಪನ್ನು ಅಳಿಸಿ ಸರಿಯಾದದ್ದನ್ನು ಬರೆದು ಹೋಗಿ ಕೂರಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ನಾನು ಶಹಬಾಸ್ ಎಂದು ಮುಂದಿನ ಲೆಕ್ಕ ಕೊಡುತ್ತಿದ್ದೆ. ಸರಿಯಾದದ್ದನ್ನು ಮತ್ತೆ ಬಾಯಲ್ಲಿ ಹೇಳುವ ಅಭ್ಯಾಸ ನನಗಿರಲಿಲ್ಲ. ಬೋರ್ಡಿನ ಮೇಲಿದೆಯಲ್ಲ, ಕಣ್ಣಿದ್ದವರು ನೋಡಿಕೊಳ್ಳಲಿ ಎನ್ನುತ್ತಿದ್ದೆ.

ನವೆಂಬರಿನಲ್ಲಿ ಶುರು ಮಾಡಿದೆ. ಮೇಜಿನ ಮೇಲೆ ಯಂತ್ರ ಇಟ್ಟು, ಗುಂಡಿ ಒತ್ತಿ, ಎಂದಿನಂತೆ ಪಾಠ ಮಾಡುತ್ತಿದ್ದೆ. ಕ್ಯಾಸೆಟ್ಟು ತುಂಬಿದಾಗ ಕರೀಮುನ್ನೀಸಾ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಒಯ್ಯುತ್ತಿದ್ದರು. ಕಾರ್ಖಾನೆಯ ಹೆಂಗಸರು ಹಾಡು ನಿಂತದ್ದಕ್ಕೆ ಮೊದಮೊದಲು ಗೊಣಗಿದರಂತೆ. ಅಮಾನುಲ್ಲಾ ಒಳ್ಳೆಯ ಮನುಷ್ಯ, ಬೆಳಿಗ್ಗೆ ಗಣಿತ ಮಧ್ಯಾಹ್ನ ಹಾಡು ಎಂದು ಪಂಚಾಯ್ತಿ ಮಾಡಿ ಮುಗಿಸಿದರು. ಆಮೇಲೆ ಆ ಹೆಂಗಸರಿಗೂ ನನ್ನ ದನಿ ರೂಢಿಯಾಗಿ, ನಾನು ಮಕ್ಕಳಿಗೆ ಬೈದಾಗ ಅವರೂ ನಗುತ್ತಿದ್ದರಂತೆ. ಇದನ್ನೆಲ್ಲ ಕೇಳಿ ನಾನು ಉಬ್ಬಿದೆ. ಆದರೆ ಆ ಕ್ಯಾಸೆಟ್ಟುಗಳಲ್ಲಿ ಒಂದನ್ನೂ ನಾನು ಹಾಕಿ ಕೇಳಲಿಲ್ಲ. ನನ್ನ ದನಿಯನ್ನು ನಾನೇ ಕೇಳಲು ಏನೋ ಮುಜುಗರ. ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು.

ಐದು ತಿಂಗಳು ಹೀಗೆ ನಡೆಯಿತು. ಅಷ್ಟು ದಿನದಲ್ಲಿ ನನ್ನ ಶಿಷ್ಯೆಯ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ತರಗತಿಯಲ್ಲಾದರೆ ಒಂದು ಹುಬ್ಬು ಗಂಟಾದರೂ ನನಗೆ ತಿಳಿಯುತ್ತದೆ, ನಿಂತು ಮತ್ತೆ ಹೇಳುತ್ತೇನೆ. ಇಲ್ಲಿ ನಿಲ್ಲುವವರು ಯಾರು? ಜನವರಿಯಲ್ಲಿ ಒಂದು ದಿನ ಕರೀಮುನ್ನೀಸಾ, ಅವಳಿಗೆ ಏನೋ ಕೇಳಬೇಕಂತೆ ಮೇಷ್ಟ್ರೆ, ನನಗೆ ಹೇಳೋಕೆ ಬರೋಲ್ಲ, ಒಂದು ಗಳಿಗೆ ಬಂದು ಹೋಗ್ತೀರಾ ಎಂದು ಕೇಳಿದರು. ಅವತ್ತು ನನಗೆ ಬಸ್ಸಿನ ಅವಸರ. ಇನ್ನೊಂದು ಸಲ ಹಾಕಿಕೊಂಡು ಕೇಳಲಿ, ಟೇಪಿನಲ್ಲಿ ಎಲ್ಲ ಇದೆ, ಬೇಕಾದರೆ ಹತ್ತು ಸಲ ಕೇಳಲಿ, ಅದಕ್ಕೇನು ಬೇಜಾರಾಗೋದಿಲ್ಲ ಎಂದು ಹೇಳಿ ಹೊರಟೆ. ಒಳ್ಳೆಯ ಮಾತು ಹೇಳಿದೆನೆಂದು ದಾರಿಯುದ್ದಕ್ಕೂ ಖುಷಿಯಾಗಿದ್ದೆ.

ಮಾರ್ಚ್ ಕೊನೆಯ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಗಣಿತದ ಮೇಷ್ಟ್ರುಗಳ ಸಭೆ ಇತ್ತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕಡೆಯಿಂದಲೂ ಬಂದಿದ್ದರು. ನನ್ನ ಟೇಪಿನ ಸುದ್ದಿ ಹೇಗೋ ಹಬ್ಬಿ, ಅದರ ಬಗ್ಗೆ ಹೇಳಬೇಕೆಂದು ಕರೆದಿದ್ದರು. ಕರೀಮುನ್ನೀಸಾ ಅವರಿಂದ ಒಂದು ಕ್ಯಾಸೆಟ್ಟು ಕೇಳಿ ಪಡೆದು, ಹೊಸ ಷರ್ಟು ಹಾಕಿಕೊಂಡು ಹೋದೆ. ಮುಂದೆ ಕಾಲ ಬದಲಾಗುತ್ತದೆ, ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಗುವಿನ ಹತ್ತಿರ ಹೋಗಬೇಕು ಎಂದೆಲ್ಲ ಭಾಷಣ ಬಿಗಿದು, ಸಭೆಯವರು ತರಿಸಿಟ್ಟಿದ್ದ ಟೇಪಿನ ಗುಂಡಿ ಒತ್ತಿದೆ. ಶಂಕುವಿನ ಪಾಠ, ಮಕ್ಕಳಿಗೆ ಅರ್ಥವಾಗಲೆಂದು ಕಡಲೆಕಾಯಿ ಪೊಟ್ಟಣದ ಆಕಾರ ಎಂದು ಹೇಳುತ್ತೇನಲ್ಲ, ಅದು.

ಟೇಪಿನೊಳಗಿಂದ ನಾನು ಗಟ್ಟಿಯಾಗಿ ಹೇಳಿದೆ. ಶಂಕುವಿನ ಘನಫಲ ಎಂದರೆ ಅದೇ ಅಗಲ ಅದೇ ಎತ್ತರದ ಸಿಲಿಂಡರಿನ ಘನಫಲದಲ್ಲಿ ಅರ್ಧ. ಅರ್ಧ, ನೆನಪಿಟ್ಟುಕೊಳ್ಳಿ. ಆಮೇಲೆ ಬೆಂಚು ಸರಿದ ಸದ್ದು, ಹೆಜ್ಜೆ, ಸೀಮೆಸುಣ್ಣದ ಕಿರುಗುಟ್ಟು. ಆಮೇಲೆ ಜೋರಾಗಿ ಚಪ್ಪಾಳೆ. ಶಹಬಾಸ್, ಈಗ ಲೆಕ್ಕ ಬರ್ಕೊಳ್ಳಿ ಎಂದು ನನ್ನ ದನಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಮಂಚೇನಹಳ್ಳಿಯ ನಲ್ಲಪ್ಪ ಮೇಷ್ಟ್ರು ಕೈಯೆತ್ತಿದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ಅರ್ಧ ಅಂದ್ರಲ್ಲ ಮೇಷ್ಟ್ರೆ. ಮೂರನೇ ಒಂದು ಭಾಗ ಅಲ್ವಾ?"

ನಾನು ನಕ್ಕು, ಅದು ನನ್ನ ಪದ್ಧತಿ ಎಂದು ವಿವರಿಸಲು ಹೊರಟೆ. ಬೇಕೆಂದೇ ತಪ್ಪು ಹೇಳುತ್ತೇನೆ, ಮಕ್ಕಳು ಎದ್ದು ಬಂದು ಬೋರ್ಡಿನ ಮೇಲೆ ಸರಿ ಮಾಡುತ್ತಾರೆ ಎನ್ನುವಷ್ಟರಲ್ಲಿ ಬಾಯಿ ನಿಂತುಹೋಯಿತು. ಬೋರ್ಡಿನ ಮೇಲೆ. ಆ ಸಭೆಯಲ್ಲಿ ಬೋರ್ಡು ಇರಲಿಲ್ಲ. ಫಿಲೇಚರ್‌ನಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು ನನ್ನ ತಪ್ಪು, ಅದರ ಬೆನ್ನಿಗೆ ನಲವತ್ತು ಮಕ್ಕಳ ಚಪ್ಪಾಳೆ. ಒಂದಲ್ಲ, ಹದಿನಾಲ್ಕು ಕ್ಯಾಸೆಟ್ಟು, ಇಪ್ಪತ್ತೆಂಟು ಪಾಠ, ಪಾಠಕ್ಕೊಂದರಂತೆ ಇಪ್ಪತ್ತೆಂಟು ತಪ್ಪು. ಪರೀಕ್ಷೆ ಗುರುವಾರ.

ಸಭೆಯವರು ಏನೆಂದುಕೊಂಡರೋ ಗೊತ್ತಿಲ್ಲ. ಹೊಟ್ಟೆನೋವು ಎಂದು ಏನೋ ಹೇಳಿ ಹೊರಬಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಶಿಡ್ಲಘಟ್ಟದ ಬಸ್ಸು ತರಕಾರಿ ಮೂಟೆ ಹೇರಿಕೊಳ್ಳುತ್ತಾ ನಿಂತಿತ್ತು. ಸೀಟಿನಲ್ಲಿ ಕೂತೆ, ಎದ್ದೆ, ಇಳಿದೆ, ಮತ್ತೆ ಹತ್ತಿದೆ. ಡ್ರೈವರನಿಗೆ ಎರಡು ಸಲ ಬೈದೆ, ಪಾಪ ಅವನದೇನೂ ತಪ್ಪಿರಲಿಲ್ಲ. ದಾರಿಯಲ್ಲಿ ಆ ಇಪ್ಪತ್ತೆಂಟು ತಪ್ಪುಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಆರು ನೆನಪಾದವು. ಉಳಿದವು ಆ ಹೊತ್ತಿಗೆ ತೋಚಿದ್ದು, ಹೇಳಿದ್ದು, ಮಕ್ಕಳು ಹಿಡಿದದ್ದು, ಮರೆತದ್ದು. ಬಾಯಲ್ಲಿ ಆಡಿದ ತಪ್ಪು ಗಾಳಿಗೆ ಹೋಗುತ್ತದೆ. ಈ ಯಂತ್ರ ಅದನ್ನು ಹೋಗಗೊಡುವುದಿಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಹೇಳುತ್ತದೆ, ಯಾರ ಮುಖವನ್ನೂ ನೋಡದೆ. ಇಷ್ಟು ಸಣ್ಣ ವಿಷಯ ನನಗೆ ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ಹಣೆ ಚಚ್ಚಿಕೊಂಡೆ.

ಬಸ್ಸಿಳಿದವನು ನೇರವಾಗಿ ಫಿಲೇಚರ್‌ಗೆ ನಡೆದೆ. ಬೆಂದ ಹುಳುವಿನ ವಾಸನೆ ಬೀದಿಯ ಮೂಲೆಗೇ ಬಡಿಯುತ್ತಿತ್ತು. ಬಾಗಿಲ ಹತ್ತಿರ ಬಂದಾಗ ಒಳಗಿಂದ ನನ್ನದೇ ದನಿ ಕೇಳಿಸಿತು. ಬೇರೊಂದು ಪಾಠ, ಬೇರೊಂದು ತಪ್ಪು. ಟೇಪಿನ ದನಿ ಅದನ್ನು ಹೇಳುವ ಮೊದಲೇ ಒಳಗೆ ಹತ್ತು ಹನ್ನೆರಡು ಹೆಂಗಸರು ರಾಗವಾಗಿ ಅದನ್ನು ಹೇಳಿ ಮುಗಿಸಿದರು. ಟೇಪಿನ ಚಪ್ಪಾಳೆ ಬಂದಾಗ ನಕ್ಕರು.

ಒಳಗೆ ಹಬೆ ಮುಸುಕಿತ್ತು. ಸಾಲಾಗಿ ಬಿಸಿನೀರಿನ ಬೇಸಿನ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬರು. ಕರೀಮುನ್ನೀಸಾ ಪಕ್ಕದಲ್ಲಿ ತೆಳ್ಳಗಿನ ಒಂದು ಹುಡುಗಿ ತಲೆಗೆ ದುಪಟ್ಟಾ ಬಿಗಿದುಕೊಂಡು, ಎರಡೂ ಕೈ ನೀರಲ್ಲಿಟ್ಟು ಕೂತಿದ್ದಳು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಅಮಾನುಲ್ಲಾ ಕುರ್ಚಿ ತಂದು ಹೆಗಲ ವಸ್ತ್ರದಿಂದ ಒರೆಸಿದರು. ಟೀ ತರಿಸಲು ಹೇಳಿದರು. ನಮ್ಮ ಮೇಷ್ಟ್ರು, ನಮ್ಮ ಮೇಷ್ಟ್ರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಮರ್ಯಾದೆಯ ನಡುವೆ ನಿಂತು ನಾನು ಹೇಗೆ ಹೇಳಲಿ, ನಿಮ್ಮ ಹುಡುಗಿಗೆ ನಾನು ಬೇಕೆಂದೇ ತಪ್ಪು ಕಲಿಸಿದ್ದೇನೆ ಎಂದು? ಹುಚ್ಚನ ಮಾತಿನ ಹಾಗೆ ಕೇಳುತ್ತಿತ್ತು. ಹೇಳಬೇಕಾಗಿತ್ತು, ಹೇಳಲಿಲ್ಲ. ಕ್ಯಾಸೆಟ್ಟುಗಳು ಸರಿಯಾಗಿ ರೆಕಾರ್ಡ್ ಆಗಿಲ್ಲ, ಅಲ್ಲಲ್ಲಿ ಕೆಟ್ಟಿವೆ, ಸರಿ ಮಾಡಿ ಕೊಡುತ್ತೇನೆ ಎಂದೆ. ಟೇಪ್ ರೆಕಾರ್ಡರಿಗೆ ಬಾಯಿಲ್ಲವಲ್ಲ, ತಪ್ಪನ್ನು ಅದರ ತಲೆಗೆ ಕಟ್ಟಿದೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಚೆನ್ನಾಗೇ ಕೇಳಿಸುತ್ತಲ್ಲ ಸಾರ್ ಎಂದಳು. ನಾನು ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡೆ.

ಸಾದಲಿಯ ಬಸ್ಸು ಹಿಡಿದು ಮನೆ ಸೇರಿ, ನೆರೆಮನೆಯವರ ಟೇಪು ಕೇಳಿ ತಂದೆ. ಭಾನುವಾರವೆಲ್ಲ ಅದೇ ಕೆಲಸ. ಸೋಮವಾರ ರಜೆ ಹಾಕಿದೆ. ಚಪ್ಪಾಳೆ ಬಂದ ಕಡೆಯೆಲ್ಲ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ತಪ್ಪನ್ನು ಹುಡುಕಿ ಬರೆದುಕೊಂಡೆ. ಅಶ್ವತ್ಥಮ್ಮ ಅನ್ನ ಬಡಿಸಿಟ್ಟು ಕಾದಳು, ನಾನು ಕೂರಲಿಲ್ಲ. ಕೊನೆಗೆ ಅವಳು ಬಂದು ಟೇಪಿನ ಗುಂಡಿ ತಾನೇ ಒತ್ತಿ ನಿಲ್ಲಿಸಿದಳು.

"ಆ ಮಗೂಗೆ ನಿಜ ಹೇಳಿ. ಪಟ್ಟಿ ಆಮೇಲೆ ಕೊಡೋರಂತೆ."

ಹೇಳ್ತೀನಿ ಕಣೇ, ಮೊದಲು ಇದು ಮುಗೀಲಿ ಎಂದು ರೇಗಿದೆ. ಇಪ್ಪತ್ತಾರು ಸಿಕ್ಕವು. ಇನ್ನೆರಡು ಎಷ್ಟು ಹುಡುಕಿದರೂ ಸಿಗಲಿಲ್ಲ, ಆ ದಿನ ಮಕ್ಕಳು ಹಿಡಿದಿರಲಿಲ್ಲವೋ ಏನೋ.

ಮಂಗಳವಾರ ಪಟ್ಟಿ ಹಿಡಿದು ಹೋದೆ. ಯಾವ ಪಾಠ, ಸರಿಯಾದದ್ದು ಯಾವುದು ಎಂದು ದುಂಡಗೆ ಬರೆದಿದ್ದೆ. ಕೈ ಒರೆಸಿಕೊಂಡು ಬಂದು ದಿಲ್ಷಾದ್ ಅದನ್ನು ನಿಧಾನವಾಗಿ ಓದಿದಳು. ಓದುತ್ತಾ ಅವಳ ತುಟಿ ಅಲುಗುತ್ತಿತ್ತು. ಐದು ತಿಂಗಳು ಬಾಯಿಪಾಠವಾದದ್ದು ಕಾಗದದಲ್ಲಿರುವುದಕ್ಕೆ ಅಡ್ಡ ಬರುತ್ತಿತ್ತೆಂದು ನನಗೆ ಕಾಣುತ್ತಿತ್ತು.

"ಮಿಷನ್ನು ಕೆಟ್ರೆ ಮಾತು ಅಳಿಸಿ ಹೋಗ್ಬೇಕಲ್ವಾ ಸಾರ್? ಬೇರೆ ಮಾತು ಹೇಗೆ ಬರ್ತದೆ?" ಎಂದು ಕೇಳಿದಳು. ಆಮೇಲೆ, "ಮಕ್ಕಳು ಯಾಕೆ ಚಪ್ಪಾಳೆ ತಟ್ಟಿದ್ರು?" ಎಂದಳು.

ಎರಡೂ ಸರಿಯಾದ ಪ್ರಶ್ನೆಗಳು. ನನ್ನ ತರಗತಿಯಲ್ಲಿ ಯಾರಾದರೂ ಇಂಥ ಪ್ರಶ್ನೆ ಕೇಳಿದ್ದರೆ ತಲೆ ಸವರುತ್ತಿದ್ದೆ. ಅವತ್ತು ಸಿಕ್ಕಿಬಿದ್ದವನ ಕೋಪ ಬಂತು.

"ನಿನಗ್ಯಾಕಮ್ಮಾ ಅದೆಲ್ಲಾ? ಬರೆದುಕೊಟ್ಟಿದೀನಿ, ಕಲ್ತ್ಕೋ. ಎರಡೇ ದಿನ ಇರೋದು."

ಅವಳು ತಲೆ ತಗ್ಗಿಸಿ ಕಾಗದ ಮಡಚಿಟ್ಟುಕೊಂಡಳು. ಕ್ಯಾಸೆಟ್ಟುಗಳನ್ನು ನಾನು ವಾಪಸ್ಸು ಕೊಡಲಿಲ್ಲ.

ಗುರುವಾರ ಪರೀಕ್ಷೆಯಾಯಿತು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನೋಡಿದೆ, ಶಂಕುವಿನ ಆಕಾರದ ಡೇರೆಯ ಘನಫಲ ಕಂಡುಹಿಡಿಯಿರಿ ಎಂದು ಐದು ಅಂಕದ ಲೆಕ್ಕ ಇತ್ತು. ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆದಿದ್ದೆ. ಬರೆದಿರುತ್ತಾಳೆ ಎಂದು ಸಮಾಧಾನ ಹೇಳಿಕೊಂಡೆ. ಎರಡು ತಿಂಗಳು ಆ ಸಮಾಧಾನ ಒಂದು ದಿನವೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಯಾರಾದರೂ ರೇಡಿಯೊ ಹಾಕಿದರೆ ಎದ್ದು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಮನೆಯಲ್ಲಿ ಮಿಕ್ಸಿ ಸದ್ದಿಗೂ ಸಿಡುಕುತ್ತಿದ್ದೆ.

ಫಲಿತಾಂಶ ಬಂದ ದಿನ ನಾನೇ ಹೋಗಿ ನೋಡಿದೆ. ಮೂವತ್ತೆರಡು ಅಂಕ. ಪಾಸಾಗಲು ಮೂವತ್ತೈದು ಬೇಕಿತ್ತು.

ಕಾಲು ಎಳೆದುಕೊಂಡು ಫಿಲೇಚರ್‌ಗೆ ಹೋದೆ. ನನಗಿಂತ ಮೊದಲೇ ಅಲ್ಲಿಗೆ ಸುದ್ದಿ ಮುಟ್ಟಿತ್ತು. ಯಾರೂ ಏಳಲಿಲ್ಲ. ಅಮಾನುಲ್ಲಾ ಮಾತ್ರ ಸುಮ್ಮನೆ ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ಚಿಂತಾಮಣಿಯ ಡಾಕ್ಟರಮ್ಮನಿಗೆ ನಾನು ಕಾಗದ ಬರೆಯುತ್ತೇನೆ, ಅಕ್ಟೋಬರ್ ಪರೀಕ್ಷೆಯವರೆಗೆ ಕಾಯಲು ಕೇಳುತ್ತೇನೆ ಎಂದೆ. ಅವರು ಬೇರೆ ಹುಡುಗಿಯನ್ನು ತೆಗೆದುಕೊಂಡಾಯಿತು ಎಂದು ಕರೀಮುನ್ನೀಸಾ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಡೇರೆ ಲೆಕ್ಕ ಮಾಡಿದ್ದೆಯಾ ಎಂದು ದಿಲ್ಷಾದಳನ್ನು ಕೇಳಿದೆ. ಅವಳು ನೀರಿನಿಂದ ಕೈ ತೆಗೆಯದೆ ಹೇಳಿದಳು.

"ಮೂರನೇ ಒಂದು ಅಂತಾನೇ ಬರ್ದೆ ಸಾರ್. ಆಮೇಲೆ ಹೊಡೆದ್ಹಾಕಿ ಅರ್ಧ ಮಾಡ್ದೆ. ಕೈ ಸರಿಯಾಗೇ ಬರೀತು. ಕಿವಿ ಬಿಡ್ಲಿಲ್ಲ."

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಹೇಳಿಬಿಟ್ಟೆ. ಯಂತ್ರ ಕೆಟ್ಟಿರಲಿಲ್ಲ, ನಾನು ಹೇಳಿದ್ದು ಸುಳ್ಳು. ತಪ್ಪುಗಳು ನನ್ನವೇ, ಬೇಕೆಂದೇ ಹೇಳಿದವು. ತರಗತಿಯಲ್ಲಿ ಮಕ್ಕಳು ಅದನ್ನು ಹಿಡಿಯಲಿ ಎಂದು ಹಾಗೆ ಮಾಡುತ್ತೇನೆ, ಹಿಡಿದವರು ಬಂದು ಬೋರ್ಡಿನ ಮೇಲೆ ಸರಿಯಾದದ್ದನ್ನು ಬರೆಯುತ್ತಾರೆ, ಆ ಚಪ್ಪಾಳೆ ಹಿಡಿದವರಿಗೆ ಬಿದ್ದದ್ದು, ನಾನು ಹೇಳಿದ್ದಕ್ಕಲ್ಲ. ಇದನ್ನು ಅವತ್ತೇ ಹೇಳಲು ನಾಚಿಕೆಯಾಯಿತು, ಅದಕ್ಕೆ ಟೇಪಿನ ಮೇಲೆ ಹಾಕಿದೆ.

"ಬೇಕಂತಾನೇ?" ಎಂದರು ಕರೀಮುನ್ನೀಸಾ.

ದಿಲ್ಷಾದ್ ಎದ್ದು ಕೈ ಒರೆಸಿಕೊಂಡು, ಗೋಡೆಯ ಗೂಡಿನಿಂದ ಒಂದು ನೋಟ್‌ಬುಕ್ಕು ತಂದು ನನ್ನ ಕೈಗೆ ಕೊಟ್ಟಳು. ಹಬೆಗೆ ಹಾಳೆಗಳು ಉಬ್ಬಿಕೊಂಡಿದ್ದವು. ತೆರೆದು ಕೊಟ್ಟ ಪುಟದಲ್ಲಿ ಜನವರಿಯ ಒಂದು ತಾರೀಖು ಇತ್ತು. ಒಂದು ಡಬ್ಬದ ಚಿತ್ರ, ಅದರೊಳಗೆ ತುದಿ ತಳಕ್ಕೆ ತಾಗುವಂತೆ, ಬಾಯಿ ಡಬ್ಬದ ಬಾಯಿಗೆ ಸರಿಯಾಗಿ ಕೂರುವಂತೆ ಸುತ್ತಿದ ಕಾಗದದ ಪೊಟ್ಟಣದ ಚಿತ್ರ. ಪೊಟ್ಟಣದಲ್ಲಿ ರಾಗಿ ತುಂಬಿ ಡಬ್ಬಕ್ಕೆ ಸುರಿದು ನೋಡಿದ್ದಳು. ಮೂರು ಸಲ ಹಿಡಿಯಿತು, ಮತ್ತೆ ಅಳೆದೆ, ಆಗಲೂ ಮೂರು ಎಂದು ಬರೆದಿತ್ತು. ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಸಣ್ಣದಾಗಿ, ನನ್ನ ಅಳತೆ ತಪ್ಪು, ಸರ್ ಅರ್ಧ ಅಂದಿದ್ದಾರೆ ಎಂದು ಬರೆದಿದ್ದಳು. ಪುಟ ತಿರುಗಿಸಿದೆ. ಇನ್ನೊಂದು ಪಾಠ, ಸರಿಯಾದ ಉತ್ತರ, ಅದರ ಮೇಲೂ ಅಡ್ಡಗೆರೆ. ಮುಂದಿನದರಲ್ಲೂ. ಟೇಪಿನಲ್ಲಿ ಎರಡು ದಿನ ಹುಡುಕಿ ನನಗೆ ಸಿಗದೆ ಹೋಗಿದ್ದ ಎರಡು ತಪ್ಪುಗಳಲ್ಲಿ ಒಂದನ್ನು ಕೂಡ ಅವಳು ಹಿಡಿದು, ತನ್ನ ಸರಿಯುತ್ತರವನ್ನೇ ಹೊಡೆದು ಹಾಕಿದ್ದಳು.

ಇಪ್ಪತ್ತು ವರ್ಷದಲ್ಲಿ ನನ್ನ ತರಗತಿಯಲ್ಲಿ ಕೂತ ಯಾವ ಮಗುವೂ ಇಷ್ಟು ತಪ್ಪು ಹಿಡಿದಿರಲಿಲ್ಲ. ಜನವರಿಯಲ್ಲಿ ಕೇಳಬೇಕೆಂದು ಹೇಳಿ ಕಳಿಸಿದ್ದು ಇದನ್ನೇನಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಅಕ್ಟೋಬರಿಗೆ ಮತ್ತೆ ಕಟ್ಟು, ಟೇಪು ಬೇಡ, ನಾನೇ ದಿನಾ ಬಂದು ನಿನ್ನ ಎದುರಿಗೆ ಕೂತು ಹೇಳಿಕೊಡುತ್ತೇನೆ, ಬಸ್ಸು ಹೋದರೆ ಹೋಗಲಿ ಎಂದೆ. ನೋಡಣ ಸಾರ್ ಎಂದಳು. ನೋಟ್‌ಬುಕ್ಕನ್ನು ನನ್ನಿಂದ ತೆಗೆದುಕೊಂಡು, ತೆರೆದಿದ್ದ ಪುಟವನ್ನು ಸ್ವಲ್ಪ ಹೊತ್ತು ನೋಡಿದಳು.

"ತಪ್ಪು ಹಿಡೀಬಹುದು ಅಂತ ನನಗೆ ಯಾರೂ ಹೇಳ್ಲಿಲ್ಲ ಸಾರ್."

ಅಷ್ಟು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತು, ಎರಡೂ ಕೈಗಳನ್ನು ಮತ್ತೆ ಬಿಸಿನೀರಿಗೆ ಇಳಿಸಿದಳು.